ಪೆನ್ಸಿಲ್ವೇನಿಯಾದ ಮಿಲಿಷಿಯಾದಲ್ಲಿದ್ದ ಪೂರ್ವಜನನ್ನು ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳಲ್ಲಿ ಈಗ ಅಲ್ಲಿನವರೇ ಆದ ಸೊಸೆಯಂದಿರು, ಅಳಿಯಂದಿರು ಇದ್ದಾರೆ. ಮೊಮ್ಮಗಳಿಗೆ ಅಪ್ಪನ ಕಡೆ ಹಾಸನವೋ ಶಿರಸಿಯೋ ಆದರೆ, ಅಮ್ಮನ ಕಡೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). "ನಮ್ಮಮ್ಮನ ಮುತ್ತಜ್ಜನ ಮುತ್ತಜ್ಜ ಸ್ವಾತಂತ್ರ್ಯ ಯುದ್ಧದಲ್ಲಿ ಇದ್ದನಂತೆ" ಅನ್ನುವ ಮಾತು ಒಂದಲ್ಲ ಒಂದು ದಿನ ಊಟದ ಮೇಜಿಗೆ ಬಂದೇ ಬರುತ್ತದೆ. 2026ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾಗಿ 250 ವರ್ಷ. ಹಾಗಾಗಿ ಕೇಳುವವರೂ ಜಾಸ್ತಿಯಾಗಿದ್ದಾರೆ.

ಇಲ್ಲಿ ಪೆನ್ಸಿಲ್ವೇನಿಯಾ ಒಂದನ್ನೇ ಹಿಡಿದು ಬರೆದಿದ್ದೇನೆ. ಆಗಿದ್ದ 13 ವಸಾಹತುಗಳಲ್ಲಿ ಒಂದೊಂದರ ಮಿಲಿಷಿಯಾ ಕಾಯ್ದೆ ಒಂದೊಂದು ಥರ. ಎಲ್ಲವನ್ನೂ ಒಟ್ಟಿಗೆ ಕಲಸಿದರೆ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಮಿಲಿಷಿಯಾ ಅಂದರೆ ವಾಷಿಂಗ್ಟನ್ ಸೈನ್ಯವೇ ಅಲ್ವಾ?

ಅಲ್ಲ. ಆಗ ಮೂರು ಬಗೆಯ ಪಡೆಗಳಿದ್ದವು. ವಾಷಿಂಗ್ಟನ್ ಕೈಕೆಳಗಿದ್ದದ್ದು ಕಾಂಟಿನೆಂಟಲ್ ಸೈನ್ಯ. ಅದರಲ್ಲಿ ವರ್ಷಗಟ್ಟಲೆ ಸಂಬಳಕ್ಕೆ ಇದ್ದ ಸಿಪಾಯಿಗಳು. ಎರಡನೆಯದು ಆಯಾ ರಾಜ್ಯ ತಾನೇ ಕಟ್ಟಿಕೊಂಡ ಪಡೆ. ಮೂರನೆಯದು ಮಿಲಿಷಿಯಾ: ಊರಿನ ರೈತ, ಕಮ್ಮಾರ, ಚಮ್ಮಾರ, ಗಿರಣಿಯವನು, ಕರೆ ಬಂದಾಗ ಬಂದೂಕು ಹಿಡಿದು ಹೊರಡಬೇಕು, ಅವಧಿ ಮುಗಿದ ಮೇಲೆ ಮನೆಗೆ ವಾಪಸ್.

ಕುಟುಂಬದ ಕಥೆಗಳಲ್ಲಿ ಈ ಮೂರೂ ಒಂದಾಗಿಬಿಡುತ್ತವೆ. "ವ್ಯಾಲಿ ಫೋರ್ಜ್‌ನಲ್ಲಿ ವಾಷಿಂಗ್ಟನ್ ಜೊತೆ ಚಳಿಯಲ್ಲಿ ನಡುಗಿದ್ದ" ಅಂತ ಹೇಳುವ ಮನೆಗಳು ಬೇಕಾದಷ್ಟಿವೆ. 1777-78ರ ಆ ಚಳಿಗಾಲದಲ್ಲಿ ಪೆನ್ಸಿಲ್ವೇನಿಯಾ ಮಿಲಿಷಿಯಾದವರು ಹೆಚ್ಚಾಗಿ ಇದ್ದದ್ದು ಆ ಶಿಬಿರದಲ್ಲಲ್ಲ. ಫಿಲಡೆಲ್ಫಿಯಾ ಬ್ರಿಟಿಷರ ಕೈಯಲ್ಲಿತ್ತು. ಸ್ಕೂಲ್‌ಕಿಲ್ ಮತ್ತು ಡೆಲವೇರ್ ನದಿಗಳ ನಡುವಿನ ದಾರಿಗಳನ್ನು ಕಾಯುವುದು ಇವರ ಕೆಲಸವಾಗಿತ್ತು.

ಯಾರನ್ನು ಕರೆಯುತ್ತಿದ್ದರು? ಎಷ್ಟು ದಿನಕ್ಕೆ?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ದಾಖಲೆಯಲ್ಲಿ ಕಾಣುವ ಪದಗಳೆಲ್ಲ ಈ ವ್ಯವಸ್ಥೆಯಿಂದಲೇ ಬಂದವು.

ಯುದ್ಧದ ಮೊದಲ ಎರಡು ವರ್ಷ ಪೆನ್ಸಿಲ್ವೇನಿಯಾದಲ್ಲಿ ಇದ್ದವರು ಅಸೋಸಿಯೇಟರ್ಸ್. ಅವರು ತಾವಾಗಿಯೇ ಸೇರಿದವರು, ಬಲವಂತ ಇರಲಿಲ್ಲ. 1777ರ ಮಾರ್ಚ್ 17ರಂದು ಹೊಸ ಕಾಯ್ದೆ ಬಂತು. 18ರಿಂದ 53 ವರ್ಷದ ಬಿಳಿಯ ಗಂಡಸರೆಲ್ಲ ಹೆಸರು ಕೊಡಲೇಬೇಕಾಯಿತು. ಪಾದ್ರಿಗಳು, ಕಾಲೇಜಿನ ಮೇಷ್ಟ್ರುಗಳು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ. ಪ್ರತಿ ಕೌಂಟಿಯಲ್ಲಿ ಬಟಾಲಿಯನ್‌ಗಳು, ಒಂದೊಂದರಲ್ಲಿ ಎಂಟು ಕಂಪನಿಗಳು. ಒಂದು ಕಂಪನಿ ಅಂದರೆ ಹೆಚ್ಚುಕಮ್ಮಿ ಒಂದು ಟೌನ್‌ಶಿಪ್‌ನ, ಅಂದರೆ ಕೌಂಟಿಯೊಳಗೆ ನಮ್ಮ ಹೋಬಳಿಯಂಥ ಒಂದು ಭಾಗದ, ಅಕ್ಕಪಕ್ಕದ ಮನೆಯವರು.

ಪ್ರತಿ ಕಂಪನಿಯನ್ನು ಮತ್ತೆ ಎಂಟು 'ಕ್ಲಾಸ್' ಮಾಡುತ್ತಿದ್ದರು. ಇದು ಶಾಲೆಯ ತರಗತಿ ಅಲ್ಲ, ಸರದಿ. ಮೊದಲು ಒಂದನೇ ಕ್ಲಾಸಿನವರಿಗೆ ಕರೆ, ಆಮೇಲೆ ಎರಡನೆಯವರಿಗೆ. ಊರಿಗೆ ಊರೇ ಒಮ್ಮೆಲೇ ಹೊರಟರೆ ಗೋಧಿ ಕೊಯ್ಯುವವರು ಯಾರು? ಅದಕ್ಕೇ ಈ ಏರ್ಪಾಟು. ಒಂದು ಸರದಿಗೆ 60 ದಿನ.

ಹೋಗಲು ಆಗದವನು ಬದಲಿ ಆಳನ್ನು ಕಳಿಸಬಹುದಿತ್ತು, ಇಲ್ಲವೇ ದಂಡ ಕಟ್ಟಬೇಕಿತ್ತು. ಕವಾಯತಿಗೆ ತಪ್ಪಿಸಿದರೂ ದಂಡ. ದಂಡದ ಪಟ್ಟಿಗಳು ಇವತ್ತಿಗೂ ಉಳಿದಿವೆ. ಹೋದವರ ಪಟ್ಟಿಗಿಂತ ಹೋಗದವರ ಪಟ್ಟಿ ಅಚ್ಚುಕಟ್ಟಾಗಿದೆ. ದುಡ್ಡಿನ ಲೆಕ್ಕ ಅಲ್ವಾ!

ಮಸ್ಟರ್ ರೋಲ್‌ನಲ್ಲಿ (ಕಂಪನಿಯ ಹೆಸರಿನ ಪಟ್ಟಿ) ನಮ್ಮವರ ಹೆಸರಿದೆ. ಹಾಗಾದರೆ ಯುದ್ಧ ಮಾಡಿದರು ಅಂತ ಅರ್ಥವೇ?

ಇಲ್ಲ. ಆ ವಯಸ್ಸಿನವರೆಲ್ಲರ ಹೆಸರನ್ನೂ ಬರೆದುಕೊಳ್ಳುತ್ತಿದ್ದರು ಅಂತ ಮೇಲೆ ಹೇಳಿದೆನಲ್ಲ. ಕಂಪನಿಯ ಪಟ್ಟಿಯಲ್ಲಿ ಹೆಸರಿದ್ದರೆ ಅವನು ಆ ವರ್ಷ ಆ ಟೌನ್‌ಶಿಪ್‌ನಲ್ಲಿ ವಾಸವಾಗಿದ್ದ ಎಂದಷ್ಟೇ ಖಾತ್ರಿ. ನಿಜವಾಗಿ ಹೊರಟಿದ್ದನೋ ಇಲ್ಲವೋ ತಿಳಿಯಲು ಸಂಬಳದ ಪಟ್ಟಿ ಬೇಕು, ಅಥವಾ ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕಡೆ ಸೇವೆಯಲ್ಲಿತ್ತು ಎಂದು ಬರೆದಿರುವ ತುಕಡಿಯ ಪಟ್ಟಿ ಬೇಕು.

ಇನ್ನೊಂದು ತೊಡಕಿದೆ. ಕರೆ ಬಂದಾಗ ಬೇರೆ ಬೇರೆ ಕಂಪನಿಗಳ ಅದೇ ಕ್ಲಾಸಿನವರನ್ನು ಸೇರಿಸಿ ತಾತ್ಕಾಲಿಕ ತುಕಡಿ ಕಟ್ಟುತ್ತಿದ್ದರು. ಹಾಗಾಗಿ ಊರಿನಲ್ಲಿ ಇದ್ದ ಕ್ಯಾಪ್ಟನ್ ಒಬ್ಬ, ಹೊರಟಾಗ ಕ್ಯಾಪ್ಟನ್ ಇನ್ನೊಬ್ಬ. ಒಬ್ಬನೇ ಮನುಷ್ಯ ಎರಡು ಬಟಾಲಿಯನ್ ನಂಬರಿನ ಕೆಳಗೆ ಕಾಣಿಸಿಕೊಂಡರೆ ಗಾಬರಿಯಾಗಬೇಡಿ, ಇಬ್ಬರು ಅಂತ ತೀರ್ಮಾನಕ್ಕೂ ಬರಬೇಡಿ.

ಹೋದವರೆಲ್ಲ ಗುಂಡು ಹಾರಿಸಿದರು ಅಂತಲೂ ಇಲ್ಲ. 1777ರ ಸೆಪ್ಟೆಂಬರ್ 11ರ ಬ್ರಾಂಡಿವೈನ್, ಅಕ್ಟೋಬರ್ 4ರ ಜರ್ಮನ್‌ಟೌನ್ ಕಾಳಗಗಳಲ್ಲಿ ಮಿಲಿಷಿಯಾ ಇತ್ತು. ಆದರೆ ಎಷ್ಟೋ ಮಂದಿಯ 60 ದಿನ ಕಳೆದದ್ದು ಲ್ಯಾಂಕಾಸ್ಟರ್, ರೆಡಿಂಗ್, ಯಾರ್ಕ್‌ನಂಥ ಊರುಗಳಲ್ಲಿ ಕೈದಿಗಳನ್ನು ಕಾಯುವುದರಲ್ಲಿ. ಆ ಕೈದಿಗಳಲ್ಲಿ ಬ್ರಿಟಿಷರ ಪರ ಬಾಡಿಗೆಗೆ ಬಂದ ಜರ್ಮನ್ ಸಿಪಾಯಿಗಳೂ ಇದ್ದರು. ಕಾಯುವವನ ಮನೆಮಾತೂ ಎಷ್ಟೋ ಸಲ ಜರ್ಮನ್ನೇ. ನನಗೆ ಕಾಳಗದ ಕಥೆಗಿಂತ ಇದೇ ಹೆಚ್ಚು ಸ್ವಾರಸ್ಯ ಅನ್ನಿಸುತ್ತದೆ.

ಸರಿ, ಎಲ್ಲಿಂದ ಶುರು ಮಾಡಲಿ?

ಯುದ್ಧದಿಂದ ಅಲ್ಲ, ನಿಮ್ಮ ಮೊಮ್ಮಗಳಿಂದ. ಮೊಮ್ಮಗಳಿಂದ ಅವಳ ಅಮ್ಮನಿಗೆ, ಅಮ್ಮನಿಂದ ಅಜ್ಜನಿಗೆ, ಒಂದೊಂದೇ ಮೆಟ್ಟಿಲು ಹಿಂದಕ್ಕೆ. ಪ್ರತಿ ಮೆಟ್ಟಿಲಿಗೂ ಒಂದು ಕಾಗದ ಇರಲೇಬೇಕು.

1850ರವರೆಗೆ ಹಿಂದಕ್ಕೆ ಹೋಗುವುದು ಅಷ್ಟೇನೂ ಕಷ್ಟ ಅಲ್ಲ. ಆ ವರ್ಷದ ಜನಗಣತಿಯಿಂದ ಮನೆಯಲ್ಲಿದ್ದ, ಗುಲಾಮರಲ್ಲದ ಜನರೆಲ್ಲರ ಹೆಸರೂ ಸಿಗುತ್ತದೆ. ಯಾರು ಯಾರಿಗೆ ಏನಾಗಬೇಕು ಎಂದು ಬರೆಯಲು ಶುರುಮಾಡಿದ್ದು 1880ರಲ್ಲಿ. 1850ಕ್ಕಿಂತ ಹಿಂದೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಸಂಖ್ಯೆ. 1790ರ ಮೊದಲ ಜನಗಣತಿಯಲ್ಲಂತೂ ಕೇವಲ ಐದು ಕಲಂ: 16 ದಾಟಿದ ಬಿಳಿ ಗಂಡಸರು, 16ರ ಒಳಗಿನವರು, ಬಿಳಿ ಹೆಂಗಸರು, ಇತರ ಸ್ವತಂತ್ರರು, ಗುಲಾಮರು.

1850ರಿಂದ 1776ಕ್ಕೆ ದಾಟುವ ಆ ಎಪ್ಪತ್ತು ಚಿಲ್ಲರೆ ವರ್ಷವೇ ನಿಜವಾದ ಕೆಲಸ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ವಂಶಾವಳಿ ಹೇಳಿ ಹೋಗುತ್ತಾರಲ್ಲ, ಅಲ್ಲಿ ಆ ಕೆಲಸವನ್ನು ಕೋರ್ಟಿನ ಗುಮಾಸ್ತ, ತೆರಿಗೆ ವಸೂಲಿಗಾರ, ಚರ್ಚಿನ ಪಾದ್ರಿ ಮೂವರೂ ಹಂಚಿಕೊಂಡು ಮಾಡಿದ್ದಾರೆ. ಮೂವರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ ಅಷ್ಟೆ.

ಯುದ್ಧದ ದಾಖಲೆಗಳೆಲ್ಲ ಸುಟ್ಟುಹೋಗಿವೆಯಂತೆ, ನಿಜವೇ?

ಅರ್ಧ ನಿಜ. 1800ರ ನವೆಂಬರ್ 8ರಂದು ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಕೇಂದ್ರದಲ್ಲಿದ್ದ ಸೇನಾ ಕಾಗದಗಳು ಹೋದವು. ಈಗ ರಾಷ್ಟ್ರೀಯ ಪತ್ರಾಗಾರದಲ್ಲಿ ಇರುವ ಸೇವಾ ದಾಖಲೆಗಳು ಆಮೇಲೆ ಅಲ್ಲಿಂದ ಇಲ್ಲಿಂದ ಕೂಡಿಸಿದ ಕಾಗದಗಳಿಂದ ಮಾಡಿದವು. ಆದರೆ ಮಿಲಿಷಿಯಾ ರಾಜ್ಯದ್ದು. ಅದರ ಕಾಗದಗಳು ರಾಜ್ಯದಲ್ಲೇ ಇದ್ದವು. ಇವತ್ತು ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರದಲ್ಲಿವೆ. ಮಿಲಿಷಿಯಾದವರ ಹೆಸರಿನ ಕಾರ್ಡುಗಳನ್ನು ಆನ್‌ಲೈನ್‌ನಲ್ಲೇ ನೋಡಬಹುದು.

ಪಿಂಚಣಿ ಕಡತದಲ್ಲಿ ಏನೇನು ಸಿಗುತ್ತದೆ?

ಸಿಕ್ಕರೆ ಹಬ್ಬ. ಒಬ್ಬ ಸಾಮಾನ್ಯ ರೈತ ತನ್ನ ಬದುಕನ್ನು ತಾನೇ ಹೇಳಿದ್ದು ನಿಮಗೆ ಬೇರೆಲ್ಲೂ ಸಿಗುವುದಿಲ್ಲ.

1818ರ ಪಿಂಚಣಿ ಕಾಯ್ದೆ ಕಾಂಟಿನೆಂಟಲ್ ಸೈನ್ಯದ ಬಡವರಿಗೆ ಮಾತ್ರ ಇತ್ತು. ಮಿಲಿಷಿಯಾದವರಿಗೆ ಬಾಗಿಲು ತೆರೆದದ್ದು 1832ರ ಜೂನ್ 7ರ ಕಾಯ್ದೆ. ಒಟ್ಟು ಆರು ತಿಂಗಳ ಸೇವೆ ಇದ್ದರೆ ಸಾಕು, ಬಡತನ ತೋರಿಸಬೇಕಿಲ್ಲ. ಎರಡು ವರ್ಷ ಸೇವೆ ಮಾಡಿದ್ದರೆ ಪೂರ್ತಿ ಸಂಬಳ, ಕಡಿಮೆಯಿದ್ದರೆ ಅದಕ್ಕೆ ತಕ್ಕ ಹಾಗೆ. ಸಾಮಾನ್ಯ ಸಿಪಾಯಿಗೆ ಪೂರ್ತಿ ಅಂದರೆ ವರ್ಷಕ್ಕೆ 80 ಡಾಲರ್. ಬರೀ ಆರು ತಿಂಗಳಿದ್ದವನಿಗೆ 20.

ಆ ಹೊತ್ತಿಗೆ ಇವರೆಲ್ಲ ಎಪ್ಪತ್ತು, ಎಂಬತ್ತು ದಾಟಿದವರು. ಕೌಂಟಿ ಕೋರ್ಟಿಗೆ ಬಂದು ಪ್ರಮಾಣ ಮಾಡಿ ಹೇಳಬೇಕಿತ್ತು. ನ್ಯಾಯಾಧೀಶರು ಕೇಳಬೇಕಾದ ಪ್ರಶ್ನೆಗಳು ಮೊದಲೇ ಗೊತ್ತುಮಾಡಿದ್ದವು. ಎಲ್ಲಿ, ಯಾವ ವರ್ಷ ಹುಟ್ಟಿದೆ? ವಯಸ್ಸಿಗೆ ದಾಖಲೆ ಇದೆಯೇ, ಇದ್ದರೆ ಎಲ್ಲಿದೆ? ಸೇವೆಗೆ ಕರೆದಾಗ ಎಲ್ಲಿದ್ದೆ, ಯುದ್ಧದ ನಂತರ ಎಲ್ಲೆಲ್ಲಿ ವಾಸವಾಗಿದ್ದೆ, ಈಗ ಎಲ್ಲಿದ್ದೀಯ? ಸರದಿ ಬಂದು ಹೋದೆಯಾ, ತಾನಾಗಿ ಹೋದೆಯಾ, ಬದಲಿಯಾಗಿ ಹೋದೆಯಾ, ಯಾರ ಬದಲಿಗೆ? ಜೊತೆಗಿದ್ದ ಅಧಿಕಾರಿಗಳು ಯಾರು? ಬಿಡುಗಡೆಯ ಚೀಟಿ ಸಿಕ್ಕಿತ್ತೇ? ನಿನ್ನ ಮಾತು ನಂಬಬಹುದು ಎಂದು ಹೇಳುವ ನೆರೆಹೊರೆಯವರು ಯಾರು?

ವಂಶ ಹುಡುಕುವವರಿಗೆ ಇದಕ್ಕಿಂತ ಇನ್ನೇನು ಬೇಕು? ಹುಟ್ಟಿದ ಊರು, ವಲಸೆ ಹೋದ ದಾರಿ, ನೆರೆಯವರ ಹೆಸರು ಎಲ್ಲ ಒಂದೇ ಹಾಳೆಯಲ್ಲಿ. "ವಯಸ್ಸಿನ ದಾಖಲೆ ಅಪ್ಪನ ಬೈಬಲಿನಲ್ಲಿತ್ತು, ಅದು ಈಗ ಅಣ್ಣನ ಹತ್ತಿರ ಇದೆ" ಎಂಬಂಥ ಉತ್ತರ ಸಿಕ್ಕರೆ ಅಣ್ಣನೂ ಸಿಕ್ಕಿದ, ಅಣ್ಣನ ಕೌಂಟಿಯೂ ಸಿಕ್ಕಿತು.

ಐವತ್ತು ವರ್ಷ ಹಿಂದಿನ ಮಾತು ಅಲ್ವಾ, ಇಸವಿ ಅದಲುಬದಲಾಗಿರುತ್ತದೆ. ತಾರೀಕು ನೆನಪಿಲ್ಲದವರು, ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿಯ ಹೆಸರು ಹಿಡಿದು, "ಕಾರ್ನ್‌ವಾಲಿಸ್ ಸಿಕ್ಕಿಬಿದ್ದ ವರ್ಷ" ಅನ್ನುತ್ತಿದ್ದರು. ಅಂದರೆ 1781. ಕೊನೆಯಲ್ಲಿ ಸಹಿ ನೋಡಿ. ಬರೆಯಲು ಬಾರದವನ ಮೊದಲ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಒಂದು ಗುಣಾಕಾರದ ಗುರುತು ಇರುತ್ತದೆ. ಹೆಸರು ಗುಮಾಸ್ತನ ಕೈಬರಹ, ಆ ಗುರುತೊಂದೇ ಅವನದು.

ಕಡತದ ಮೇಲಿನ ಎಸ್, ಡಬ್ಲ್ಯೂ, ಆರ್ ಅಕ್ಷರಗಳು ಏನು?

ಎಸ್ ಅಂದರೆ ಬದುಕಿದ್ದ ಯೋಧನೇ ಪಡೆದ ಪಿಂಚಣಿ. ಡಬ್ಲ್ಯೂ ಅಂದರೆ ವಿಧವೆಯದು. ಆರ್ ಅಂದರೆ ತಿರಸ್ಕೃತ. ಆರ್ ನೋಡಿ ಮುಚ್ಚಿಬಿಡಬೇಡಿ. ಲೆಕ್ಕ ಹಾಕಿ: ಒಂದು ಸರದಿ 60 ದಿನ, ಕಾಯ್ದೆ ಕೇಳಿದ್ದು ಆರು ತಿಂಗಳು. ಎರಡೇ ಸರದಿ ಹೋದವನ ಅರ್ಜಿ ಸಹಜವಾಗಿ ಬಿದ್ದುಹೋಯಿತು. ಅವನು ಸುಳ್ಳು ಹೇಳಿದ ಅಂತೇನೂ ಅಲ್ಲ. ಒಪ್ಪಿಸಲು ಒದ್ದಾಡಿದ್ದರಿಂದ ಇಂಥ ಕಡತಗಳಲ್ಲಿ ಸಾಕ್ಷಿಗಳ ಹೇಳಿಕೆ ಹೆಚ್ಚಾಗಿಯೇ ಇರಬಹುದು.

ಕಡತಗಳಲ್ಲಿ ಒಳ್ಳೆಯದು ಡಬ್ಲ್ಯೂ. ಮದುವೆ ಆಗಿದ್ದಕ್ಕೆ ವಿಧವೆ ಪುರಾವೆ ಕೊಡಬೇಕಿತ್ತು. ಮದುವೆ ಚೀಟಿ ಇಲ್ಲದವರು ಮನೆಯ ಬೈಬಲಿನಲ್ಲಿ ಮಕ್ಕಳ ಹುಟ್ಟಿದ ದಿನ ಬರೆದಿದ್ದ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಆ ಹಾಳೆಗಳು ಇವತ್ತಿಗೂ ಅಲ್ಲೇ ಇವೆ. ಮೊದಮೊದಲು ಯುದ್ಧಕಾಲದಲ್ಲೇ ಮದುವೆಯಾಗಿದ್ದ ವಿಧವೆಯರಿಗೆ ಮಾತ್ರ ಪಿಂಚಣಿ ಇತ್ತು. 1838, 1848, 1853ರ ಕಾಯ್ದೆಗಳು ಆ ಗಡಿಯನ್ನು ಮುಂದೆ ಮುಂದೆ ತಳ್ಳಿದವು. ಮುದುಕರು ಚಿಕ್ಕ ವಯಸ್ಸಿನವರನ್ನು ಮದುವೆಯಾಗಿದ್ದರಿಂದ, ಈ ಯುದ್ಧದ ಪಿಂಚಣಿ ಪಡೆಯುತ್ತಿದ್ದ ಕೊನೆಯ ವಿಧವೆ ಎಸ್ತರ್ ಡೇಮನ್ ತೀರಿಕೊಂಡದ್ದು 1906ರಲ್ಲಿ!

ಒಂದು ಎಚ್ಚರಿಕೆ. ರಾಷ್ಟ್ರೀಯ ಪತ್ರಾಗಾರದಲ್ಲಿ ಪೂರ್ತಿ ಕಡತಗಳ ಸರಣಿ ಎಂ804. ಎಂ805 ಅನ್ನುವುದರಲ್ಲಿ ದೊಡ್ಡ ಕಡತಗಳಿಂದ ಆಯ್ದ ಹಾಳೆಗಳು ಮಾತ್ರ ಇವೆ. ಯಾವುದನ್ನು ನೋಡುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ. ಆಯ್ದದ್ದು ಬೇರೆ ಯಾರೋ, ನಿಮಗೆ ಬೇಕಾದ ಹಾಳೆ ಬಿಟ್ಟಿರಬಹುದು.

ಅವರು 1832ಕ್ಕೆ ಮೊದಲೇ ತೀರಿಕೊಂಡಿದ್ದರು. ಪಿಂಚಣಿಯೇ ಇಲ್ಲ. ಈಗ?

ಹೆಚ್ಚಿನವರ ಕಥೆ ಇದೇ. ಆಗ ಯುದ್ಧವನ್ನು ಪಕ್ಕಕ್ಕಿಟ್ಟು ಮನುಷ್ಯನನ್ನು ಹುಡುಕಿ.

ಮೊದಲು ತೆರಿಗೆ ಪಟ್ಟಿ. ಎಕರೆ ಎಷ್ಟು, ಕುದುರೆ ಎಷ್ಟು, ಹಸು ಎಷ್ಟು ಎಂದು ಇರುತ್ತದೆ. ಪೆನ್ಸಿಲ್ವೇನಿಯಾದ ಪಟ್ಟಿಗಳಲ್ಲಿ ಮದುವೆಯಾಗದ, 21 ದಾಟಿದ ಹುಡುಗರನ್ನು ಬೇರೆಯಾಗಿ 'ಸಿಂಗಲ್ ಫ್ರೀಮನ್' ಎಂದು ಬರೆಯುತ್ತಿದ್ದರು. ಸುಮ್ನೆ ವರ್ಷದಿಂದ ವರ್ಷಕ್ಕೆ ಆ ಹೆಸರನ್ನು ಹಿಡಿದು ಹೋಗಿ. ಮೊದಲ ಸಲ ಸಿಂಗಲ್ ಫ್ರೀಮನ್ ಎಂದು ಕಂಡ ವರ್ಷ ಅವನಿಗೆ ಆಗತಾನೇ 21 ತುಂಬಿದ್ದಿರಬೇಕು. ಆ ಪಟ್ಟಿಯಿಂದ ಮಾಯವಾಗಿ ಮನೆಯುಳ್ಳವರ ಪಟ್ಟಿಗೆ ಹೋದ ವರ್ಷ ಮದುವೆ. ಹುಟ್ಟಿದ ದಾಖಲೆ, ಮದುವೆ ದಾಖಲೆ ಎರಡೂ ಇಲ್ಲದೆ ಎರಡೂ ಇಸವಿ ಅಂದಾಜಿಗೆ ಸಿಕ್ಕವು.

1798ರ ನೇರ ತೆರಿಗೆಯ ಪಟ್ಟಿಯನ್ನು ಮರೆಯಬೇಡಿ. ಮನೆ ಕಲ್ಲಿನದೋ ಮರದ ದಿಮ್ಮಿಯದೋ, ಎಷ್ಟು ಅಡಿ ಉದ್ದ ಅಗಲ, ಎಷ್ಟು ಕಿಟಕಿ, ಕಿಟಕಿಗೆ ಎಷ್ಟು ಗಾಜು ಎಂದು ಎಣಿಸಿ ಬರೆದಿದ್ದಾರೆ. ಕಿಟಕಿ ಎಣಿಸಲು ಬಂದವರ ಮೇಲೆ ಜನ ರೊಚ್ಚಿಗೆದ್ದರು. 1799ರಲ್ಲಿ ಬಕ್ಸ್, ನಾರ್ತಾಂಪ್ಟನ್ ಕಡೆ ಎದ್ದ ಆ ಗಲಾಟೆಯ ಮುಂದಾಳು ಜಾನ್ ಫ್ರೈಸ್ ಹರಾಜು ಕೂಗುವವನು. ಸ್ವಾತಂತ್ರ್ಯ ಯುದ್ಧದಲ್ಲಿ ಮಿಲಿಷಿಯಾ ಕ್ಯಾಪ್ಟನ್ ಆಗಿದ್ದವನು! ಅವನಿಗೆ ಗಲ್ಲು ಶಿಕ್ಷೆ ಆಯಿತು, 1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಕ್ಷಮಿಸಿದರು. ನಿಮ್ಮ ಪೂರ್ವಜ ಆ ಕಡೆಯವನಾದರೆ ಅಲ್ಲಿನ ವಿಚಾರಣೆಯ ಕಾಗದಗಳನ್ನೂ ಒಮ್ಮೆ ನೋಡಿ.

ಆಮೇಲೆ ಆರ್ಫನ್ಸ್ ಕೋರ್ಟ್. ಹೆಸರು ಅನಾಥರ ಕೋರ್ಟ್ ಅಂತಿದ್ದರೂ ತಾಯಿ ಬದುಕಿರುವ ಮಕ್ಕಳ ವ್ಯವಹಾರವೂ ಅಲ್ಲೇ, ತಂದೆ ತೀರಿಕೊಂಡಿದ್ದರೆ ಸಾಕು. ಉಯಿಲು ಬರೆಯದೆ ಸತ್ತವನ ಜಮೀನು ಪಾಲಾಗುವಾಗ ಮಕ್ಕಳೆಲ್ಲರ ಹೆಸರು ಬರುತ್ತದೆ, ಮದುವೆಯಾದ ಹೆಣ್ಣುಮಕ್ಕಳು, ಅವರ ಗಂಡಂದಿರು ಸಮೇತ. 14 ದಾಟಿದ ಮಕ್ಕಳು ತಮ್ಮ ಪೋಷಕನನ್ನು ತಾವೇ ಆರಿಸಿಕೊಳ್ಳಬಹುದಿತ್ತು, ಹಾಗಾಗಿ ವಯಸ್ಸಿನ ಸುಳಿವೂ ಸಿಗುತ್ತದೆ. 1794ರವರೆಗೆ ಹಿರಿಮಗನಿಗೆ ಎರಡು ಪಾಲು. ಯಾರಿಗೆ ಎರಡು ಪಾಲು ಹೋಯಿತೋ ಅವನೇ ಹಿರಿಯ.

ಒಂದೇ ಹೆಸರಿನವರು ಮೂವರಿದ್ದಾರೆ. ನಮ್ಮವರು ಯಾರು?

ಇಲ್ಲೇ ನೂರಕ್ಕೆ ತೊಂಬತ್ತು ಜನ ಜಾರುವುದು. ಹೆಸರು ಹೊಂದಿತು, ಕೌಂಟಿ ಹೊಂದಿತು, ಮುಗೀತು ಅಂದುಕೊಳ್ಳುತ್ತಾರೆ.

'ಜೂನಿಯರ್', 'ಸೀನಿಯರ್' ನಂಬಬೇಡಿ. ಆಗ ಅದು ಅಪ್ಪ-ಮಗ ಅಂತಲೇ ಅಲ್ಲ. ಚಿಕ್ಕಪ್ಪ-ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದ ಇಬ್ಬರೂ ಆಗಿರಬಹುದು. ಹಿರಿಯ ಸತ್ತ ಮೇಲೆ ಜೂನಿಯರ್ ಆಗಿದ್ದವನೇ ಸೀನಿಯರ್ ಆಗುತ್ತಿದ್ದ.

ಬಿಡಿಸುವ ದಾರಿ ಒಂದೇ, ನೆರೆಹೊರೆ. ಕಂಪನಿಯ ಪಟ್ಟಿಯಲ್ಲಿ ನಿಮ್ಮವನ ಮೇಲೆ ಕೆಳಗೆ ಇರುವ ಒಂದಿಪ್ಪತ್ತು ಹೆಸರು ಬರೆದುಕೊಳ್ಳಿ. ಅದೇ ಹೆಸರುಗಳು ಯಾವ ಟೌನ್‌ಶಿಪ್‌ನ ತೆರಿಗೆ ಪಟ್ಟಿಯಲ್ಲಿವೆ? ಯಾರು ಯಾರ ಉಯಿಲಿಗೆ ಸಾಕ್ಷಿ ಹಾಕಿದರು? ಯಾರ ಮಗುವಿನ ದೀಕ್ಷಾಸ್ನಾನಕ್ಕೆ ಯಾರು ನಿಂತರು? ಟೌನ್‌ಶಿಪ್‌ನಲ್ಲಿ ಮೊದಲು ಜಮೀನು ಪಡೆದವರ ನಕಾಶೆಗಳೂ ರಾಜ್ಯ ಪತ್ರಾಗಾರದಲ್ಲಿವೆ. ಯಾರ ಹೊಲ ಯಾರ ಪಕ್ಕ ಎಂದು ಅದರಲ್ಲಿ ಕಣ್ಣಿಗೇ ಕಾಣುತ್ತದೆ. ಜನ ವಲಸೆ ಹೋದದ್ದೂ ಒಬ್ಬೊಬ್ಬರಾಗಿ ಅಲ್ಲ. ಒಹಾಯೋದಲ್ಲಿ ಅದೇ ಐದಾರು ಮನೆತನದ ಹೆಸರು ಮತ್ತೆ ಒಟ್ಟಿಗೆ ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ.

ಅವರು ಲೆಬನಾನ್ ಕೌಂಟಿಯವರು. ಅಲ್ಲಿ 1780ರ ದಾಖಲೆಯೇ ಇಲ್ಲವಲ್ಲ?

1780ರಲ್ಲಿ ಲೆಬನಾನ್ ಕೌಂಟಿಯೇ ಇರಲಿಲ್ಲ, ಅದು ಆದದ್ದು 1813ರಲ್ಲಿ. ಅದಕ್ಕೆ ಮೊದಲು ಆ ನೆಲದ ಹೆಚ್ಚು ಭಾಗ ಡಾಫಿನ್ ಕೌಂಟಿಯಲ್ಲಿತ್ತು. ಡಾಫಿನ್ ಆದದ್ದು 1785ರಲ್ಲಿ, ಅದಕ್ಕೆ ಮೊದಲು ಲ್ಯಾಂಕಾಸ್ಟರ್. ಮನೆ ಅಲ್ಲಾಡಲಿಲ್ಲ, ಗಡಿ ಅಲ್ಲಾಡಿತು. ಹಾಗೇ ಫ್ರ್ಯಾಂಕ್ಲಿನ್ ಕೌಂಟಿ 1784ರಲ್ಲಿ ಕಂಬರ್‌ಲ್ಯಾಂಡ್‌ನಿಂದ ಒಡೆದದ್ದು. ಹಳೆಯ ಕಾಗದ ಹಳೆಯ ಕೌಂಟಿಯಲ್ಲೇ ಉಳಿಯುತ್ತದೆ.

ಮನೆತನದ ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆ.

ಜರ್ಮನ್ ಮನೆಮಾತಿನವನು ಹೇಳಿದ, ಇಂಗ್ಲಿಷ್ ಗುಮಾಸ್ತ ಕೇಳಿಸಿಕೊಂಡಂತೆ ಬರೆದ. ಷ್ನೈಡರ್ ಸ್ನೈಡರ್ ಆದ. ಯುಂಗ್ ಯಂಗ್ ಆದ. ಕೆಲವರು ಅರ್ಥ ಹಿಡಿದು ಬದಲಾದರು, ಝಿಮ್ಮರ್‌ಮನ್ ಕಾರ್ಪೆಂಟರ್ ಆದ. ಒಂದೇ ಕಾಗುಣಿತಕ್ಕೆ ಜೋತುಬಿದ್ದರೆ ಏನೂ ಸಿಗುವುದಿಲ್ಲ.

ಇನ್ನು ಮೊದಲ ಹೆಸರು. ಒಂದೇ ಮನೆಯಲ್ಲಿ ಯೋಹಾನ್ ಯಾಕೋಬ್, ಯೋಹಾನ್ ಪೀಟರ್, ಯೋಹಾನ್ ಗೇಯಾರ್ಗ್ ಎಂದು ಅಣ್ಣತಮ್ಮಂದಿರಿಗೆಲ್ಲ ಯೋಹಾನ್ ಇರುತ್ತದೆ. ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಮಿಲಿಷಿಯಾ ಪಟ್ಟಿಯ ಪೀಟರ್ ಚರ್ಚಿನ ಪುಸ್ತಕದಲ್ಲಿ ಯೋಹಾನ್ ಪೀಟರ್.

ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳು ಈ ಕೆಲಸಕ್ಕೆ ಬಂಗಾರ. ಅವುಗಳ ಜೊತೆಗೆ 'ಟೌಫ್‌ಷೈನ್' ಎಂಬ ಚಿತ್ತಾರದ ಹಾಳೆಗಳೂ ಇವೆ. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಅಮ್ಮನ ತವರಿನ ಹೆಸರು, ಹುಟ್ಟಿದ ದಿನ, ಟೌನ್‌ಶಿಪ್ ಎಲ್ಲವನ್ನೂ ಸುತ್ತ ಹಕ್ಕಿ, ಟ್ಯೂಲಿಪ್ ಹೂವು ಬಿಡಿಸಿ ಬರೆದಿರುತ್ತಾರೆ. ಎಷ್ಟೋ ಹಾಳೆಗಳಲ್ಲಿ ಹುಟ್ಟಿದ ರಾಶಿ ಕೂಡ ಇದೆ! ಪಿಂಚಣಿ ಕಡತಗಳ ಒಳಗೂ ಇಂಥ ಹಾಳೆಗಳು ಸಿಕ್ಕಿವೆ.

ಹುಟ್ಟಿದ ದಿನ ಒಂದು ಕಡೆ 1731, ಇನ್ನೊಂದು ಕಡೆ 1732. ಯಾವುದು ಸರಿ?

ಎರಡೂ ಇರಬಹುದು. 1752ರವರೆಗೆ ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ವರ್ಷ ಪಂಚಾಂಗ ಬದಲಿಸಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಮಾಡಿದರು. ವಾಷಿಂಗ್ಟನ್ ಅವರದ್ದೇ ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸದರಲ್ಲಿ 1732ರ ಫೆಬ್ರವರಿ 22.

ನಮ್ಮವರು ಮೆನ್ನೊನೈಟ್. ಯುದ್ಧಕ್ಕೆ ಹೋಗಲೇ ಇಲ್ಲವಂತೆ. ದಾಖಲೆ ಇರುವುದಿಲ್ಲವೇ?

ಇರುತ್ತದೆ. ಮೆನ್ನೊನೈಟರು, ಕ್ವೇಕರರು ಎಂಬ ಕ್ರೈಸ್ತ ಪಂಗಡಗಳವರು ಬಂದೂಕು ಹಿಡಿಯುವುದು ಧರ್ಮಕ್ಕೆ ವಿರೋಧ ಎಂದು ನಿಂತರು. ಅವರಿಗೆ ದಂಡ ಬಿತ್ತು. ದಂಡದ ಪಟ್ಟಿಯೇ ನಿಮ್ಮ ದಾಖಲೆ. 1777ರ ಜೂನ್‌ನ ಕಾಯ್ದೆಯಂತೆ 18 ದಾಟಿದ ಬಿಳಿ ಗಂಡಸರು ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಮಾಡಿದವರ ಪಟ್ಟಿಗಳೂ ಇವೆ. ರಾಜನ ಪರ ನಿಂತು ಕೆನಡಾಕ್ಕೋ ಇಂಗ್ಲೆಂಡಿಗೋ ಹೋದವರಾದರೆ, ಕಳೆದುಕೊಂಡ ಆಸ್ತಿಗೆ ಪರಿಹಾರ ಕೇಳಿ ಬರೆದ ಅರ್ಜಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವು ಪಿಂಚಣಿ ಕಡತಗಳಷ್ಟೇ ತುಂಬಿಕೊಂಡಿವೆ.

ಪೂರ್ವಜನ ಸೊತ್ತಿನ ಪಟ್ಟಿಯಲ್ಲಿ ಗುಲಾಮರ ಹೆಸರಿದೆ. ಏನು ಮಾಡಲಿ?

ಬರೆದುಕೊಳ್ಳಿ, ಬಿಡಬೇಡಿ. 1780ರ ಮಾರ್ಚ್ 1ರಂದು ಪೆನ್ಸಿಲ್ವೇನಿಯಾ ಗುಲಾಮಗಿರಿಯನ್ನು ಹಂತ ಹಂತವಾಗಿ ತೆಗೆದುಹಾಕುವ ಕಾಯ್ದೆ ಮಾಡಿತು. ಆ ವರ್ಷದ ನವೆಂಬರ್ 1ರೊಳಗೆ ಯಜಮಾನರು ತಮ್ಮಲ್ಲಿದ್ದವರ ಹೆಸರು, ವಯಸ್ಸು ನೋಂದಾಯಿಸಬೇಕಿತ್ತು. ಹಲವು ಕೌಂಟಿಗಳ ಆ ಪುಸ್ತಕಗಳು ಉಳಿದಿವೆ. ನಿಮ್ಮ ಮೊಮ್ಮಗಳ ವಂಶಕ್ಕೆ ಅದು ಒಂದು ಸಾಲು. ಆ ಹೆಸರಿನವರ ಮರಿಮಕ್ಕಳಿಗೆ ಅದು ಸಿಗುವ ಏಕೈಕ ಸಾಲು ಇರಬಹುದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗಿಯಲ್ವಾ?

ಇಲ್ಲ. ಏಳು ತಲೆಮಾರು ಹಿಂದೆ 128 ಜನ ಪೂರ್ವಜರು. ಅವರಲ್ಲಿ ಒಬ್ಬೊಬ್ಬರಿಂದ ಬಂದಿರುವುದು ಸರಾಸರಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಗಂಡುಸಂತಾನದ ಒಂದೇ ಎಳೆಯಲ್ಲಿ ಬಂದವರಾದರೆ ವೈ ಕ್ರೋಮೋಸೋಮಿನ ಪರೀಕ್ಷೆ ಎರಡು ಮನೆತನ ಒಂದೇನಾ ಎಂದು ಹೇಳಬಲ್ಲದು. ಯುದ್ಧಕ್ಕೆ ಹೋಗಿದ್ದು ಯಾರು ಎಂದು ಅದು ಹೇಳುವುದಿಲ್ಲ.

ಮೊಮ್ಮಗಳು ಡಿಎಆರ್ ಸೇರಬಹುದೇ? ಅವಳ ಅಪ್ಪ ಮೈಸೂರಿನವನು.

ಖಂಡಿತ. ಡಿಎಆರ್ ಅಂದರೆ ಕ್ರಾಂತಿಯ ಹೋರಾಟಗಾರರ ವಂಶದ ಹೆಣ್ಣುಮಕ್ಕಳ ಸಂಘ, 1890ರದ್ದು. ಗಂಡುಮಕ್ಕಳದು ಎಸ್‌ಎಆರ್, 1889ರದ್ದು. 18 ತುಂಬಿದ, ನೇರ ವಂಶದವಳು ಎಂದು ತೋರಿಸಬಲ್ಲ ಯಾವ ಹೆಣ್ಣುಮಗಳಾದರೂ ಡಿಎಆರ್ ಸೇರಬಹುದು. ಅಪ್ಪ ಎಲ್ಲಿಯವನು ಎಂಬುದು ಅಡ್ಡಿಯಲ್ಲ. ಬಂದೂಕು ಹಿಡಿದಿರಲೇಬೇಕು ಅಂತಲೂ ಇಲ್ಲ, ಸೈನ್ಯಕ್ಕೆ ಧಾನ್ಯ ಒದಗಿಸಿದವನ ವಂಶವೂ ನಡೆಯುತ್ತದೆ.

ಅವರ ಪೂರ್ವಜರ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಆದರೆ ಹಳೆಯ ಕಾಲದ ಅರ್ಜಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಆಗ ಇವತ್ತಿನಷ್ಟು ಪುರಾವೆ ಕೇಳುತ್ತಿರಲಿಲ್ಲ. ಕೆಲವು ಹೆಸರುಗಳ ಮುಂದೆ, ಇನ್ನು ಮುಂದೆ ಅರ್ಜಿ ಹಾಕುವವರು ಸೇವೆಯನ್ನು ಹೊಸದಾಗಿ ಸಾಬೀತು ಮಾಡಬೇಕು ಎಂಬ ಟಿಪ್ಪಣಿಯನ್ನು ಅವರೇ ಹಾಕಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಓಡಾಡುವ ವಂಶವೃಕ್ಷಗಳ ಮುಂದೆ ಅಂಥ ಟಿಪ್ಪಣಿಯೂ ಇರುವುದಿಲ್ಲ. ಐವತ್ತು ಜನ ಒಂದೇ ತಪ್ಪನ್ನು ನಕಲು ಮಾಡಿಕೊಂಡರೆ ಅದು ಐವತ್ತು ಸಾಕ್ಷಿ ಆಗುವುದಿಲ್ಲ.

ಹೈದರ್ ಅಲಿ ಹೆಸರೂ ಇದರಲ್ಲಿ ಬರುತ್ತದಂತೆ, ಹೌದಾ?

ಹೌದು! ಪೆನ್ಸಿಲ್ವೇನಿಯಾ ತನ್ನ ನದಿಯ ವ್ಯಾಪಾರ ಕಾಯಲು ಸಜ್ಜು ಮಾಡಿದ ಹಡಗೊಂದರ ಹೆಸರೇ 'ಹೈದರ್ ಅಲಿ'. ಬ್ರಿಟಿಷರ ವಿರುದ್ಧ ನಮ್ಮ ಕಡೆ ಹೈದರ್ ಕಾದಾಡುತ್ತಿದ್ದ ಸುದ್ದಿ ಫಿಲಡೆಲ್ಫಿಯಾಕ್ಕೂ ತಲುಪಿತ್ತು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ಡೆಲವೇರ್ ಕೊಲ್ಲಿಯಲ್ಲಿ ಈ ಹಡಗಿನಿಂದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿದ. ಪೂರ್ವಜ ಡೆಲವೇರ್ ದಡದವನಾದರೆ ರಾಜ್ಯದ ನೌಕಾ ಪಟ್ಟಿಗಳಲ್ಲೂ ಹುಡುಕಿ.

ಇನ್ನು ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್ ನಿಮಗೆ ಗೊತ್ತಿರುವವನೇ. 1786ರಲ್ಲಿ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ.

ನಾನು ಬೆಂಗಳೂರಿನಲ್ಲಿದ್ದೇನೆ. ಇಲ್ಲಿಂದಲೇ ಇಷ್ಟೆಲ್ಲ ಆಗುತ್ತದಾ?

ಬಹಳಷ್ಟು ಆಗುತ್ತದೆ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿಯ ಜಾಲತಾಣದಲ್ಲಿ ಉಚಿತ ಖಾತೆ ತೆರೆದರೆ ಜನಗಣತಿ, ಉಯಿಲು, ಎಷ್ಟೋ ಚರ್ಚಿನ ಪುಸ್ತಕಗಳು ಸಿಗುತ್ತವೆ. ಹೆಸರು ಟೈಪ್ ಮಾಡಿ ಸಿಗಲಿಲ್ಲ ಎಂದು ಬಿಡಬೇಡಿ, ಸೂಚಿ ಮಾಡದ ಪುಸ್ತಕಗಳನ್ನು ಹಾಳೆ ಹಾಳೆ ತಿರುವಿ ನೋಡಬೇಕು. ದುಡ್ಡು ಕೊಟ್ಟು ಸೇರುವ ತಾಣಗಳಿಗೆ ಮೊದಲೇ ಹೋಗಬೇಕಿಲ್ಲ.

ಓದಲು ಕಷ್ಟ ಆಗುವುದು ಹಳೆಯ ಕೈಬರಹ. ಪದದ ಒಳಗಿನ ಉದ್ದನೆಯ ಎಸ್ ಅಕ್ಷರ ಎಫ್ ಥರ ಕಾಣುತ್ತದೆ. ಜಾನ್ ಎಂಬುದನ್ನು ಜೆ, ಎನ್, ಓ ಎಂದು ಮೂರೇ ಅಕ್ಷರದಲ್ಲಿ ಮುಗಿಸಿರುತ್ತಾರೆ. ಇದಕ್ಕೆ ಕಣ್ಣು ಪಳಗಬೇಕಾದರೆ ಒಂದು ಒಳ್ಳೆಯ ದಾರಿಯಿದೆ. ಈ ಪಿಂಚಣಿ ಕಡತಗಳನ್ನು ಓದಿ ಟೈಪ್ ಮಾಡಿಕೊಡುವ ಕೆಲಸಕ್ಕೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತದೆ. ಆನ್‌ಲೈನ್ ಕೆಲಸ, ಮನೆಯಿಂದಲೇ ಮಾಡಬಹುದು. ನಿಮ್ಮವರು ಇದ್ದ ಕೌಂಟಿಯವರ ಕಡತಗಳನ್ನೇ ಆರಿಸಿಕೊಳ್ಳಿ. ಅದೇ ಕಂಪನಿಯಲ್ಲಿದ್ದ ಇನ್ನೊಬ್ಬನ ಹೇಳಿಕೆಯಲ್ಲಿ ನಿಮ್ಮವರ ಹೆಸರು ಸಾಕ್ಷಿಯಾಗಿ ಬಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಸೂಚಿಯಲ್ಲಿ ಅರ್ಜಿದಾರನ ಹೆಸರು ಮಾತ್ರ ಇರುತ್ತದೆ, ಸಾಕ್ಷಿಗಳದ್ದು ಇರುವುದಿಲ್ಲ.